ಕಾಲೇಜು ಗೇಟಿನಿಂದ ಬಸ್ ಸ್ಟಾಪಿನವರೆಗೆ: ವಿದ್ಯಾರ್ಥಿಗಳ ಸುರಕ್ಷತೆ ಯಾರ ಹೊಣೆ?

ಧಾರವಾಡ: ಪ್ರವೇಶದ ಗದ್ದಲ ಮುಗಿದು ಕಾಲೇಜುಗಳು ಮತ್ತೆ ಶುರುವಾಗಿವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಅಳ್ನಾವರ ಕಡೆಯಿಂದ ಬೆಳಿಗ್ಗೆ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇಲ್ಲ. ದಿನಾ ಓಡಾಡಲು ಆಗದವರು ಧಾರವಾಡದ ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರದಂಥ ಕಡೆ ಪಿಜಿ, ಹಾಸ್ಟೆಲ್, ಬಾಡಿಗೆ ಕೋಣೆ ಹಿಡಿದಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ನವನಗರದ ಕಾನೂನು ವಿಶ್ವವಿದ್ಯಾಲಯ, ಐಐಟಿ ಎಲ್ಲ ಇರುವ ಜಿಲ್ಲೆ ನಮ್ಮದು. ಓದು ಇಲ್ಲಿಯ ಹೆಮ್ಮೆ, ವ್ಯಾಪಾರವೂ ಹೌದು. ಝೆರಾಕ್ಸ್ ಅಂಗಡಿ, ಖಾನಾವಳಿ, ಚಹಾದಂಗಡಿ, ಮೊಬೈಲ್ ರಿಪೇರಿ, ಆಟೊ ಎಲ್ಲ ನಡೆಯುವುದು ಈ ಮಕ್ಕಳಿಂದಲೇ.

ಮಗಳನ್ನು ಪಿಜಿಗೆ ಬಿಟ್ಟು ಊರ ಬಸ್ಸು ಹತ್ತುವ ಅಪ್ಪ-ಅವ್ವ ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಏನೂ ತೊಂದರಿ ಆಗೂದಿಲ್ಲಲ್ರೀ?" ಮಗನನ್ನು ಬಿಟ್ಟು ಹೋಗುವಾಗ ಈ ಪ್ರಶ್ನೆ ಕೇಳುವವರು ಕಡಿಮೆ. ಅದೂ ಕೇಳಬೇಕಾದ ಪ್ರಶ್ನೆಯೇ. ಯಾಕೆ ಅಂತ ಮುಂದೆ ನೋಡೋಣ.

ಈ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಗೇಟಿನಲ್ಲಿ ಸೆಕ್ಯುರಿಟಿ ಇದ್ದಾರೆ, ಕ್ಯಾಮೆರಾ ಹಾಕಿದ್ದೇವೆ, ಐಡಿ ಕಾರ್ಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಇವೆಲ್ಲ ಬೇಕು. ಆದರೆ ವಿದ್ಯಾರ್ಥಿಗಳ ಮೇಲಿನ ಎಷ್ಟೋ ಅಪರಾಧಗಳು ಗೇಟಿನಲ್ಲಿ ಶುರುವಾಗುವುದೇ ಇಲ್ಲ. ಬಸ್ಸಿನಲ್ಲಿ, ಪಿಜಿಯ ಓಣಿಯಲ್ಲಿ, ಚಹಾದಂಗಡಿ ಮುಂದೆ, ಎಲ್ಲಕ್ಕಿಂತ ಹೆಚ್ಚಾಗಿ ಕೈಯಲ್ಲಿರುವ ಫೋನಿನಲ್ಲಿ ಶುರುವಾಗುತ್ತವೆ. ಶುರುವಾದದ್ದು ಬೆಳೆಯುವುದಕ್ಕೆ ಮುಖ್ಯ ಕಾರಣ ಒಂದು: ತೊಂದರೆಗೆ ಸಿಕ್ಕ ಹುಡುಗ ಅಥವಾ ಹುಡುಗಿ ಯಾರಿಗೂ ಹೇಳುವುದಿಲ್ಲ.

ಕ್ಯಾಮೆರಾ ಇತ್ತು, ಕೊಲೆ ತಪ್ಪಲಿಲ್ಲ

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿವಿಬಿ ಕ್ಯಾಂಪಸ್ಸಿನಲ್ಲಿ ನಡೆದದ್ದನ್ನು ಈ ಜಿಲ್ಲೆಯ ಜನ ಮರೆತಿಲ್ಲ. ಎಂಸಿಎ ಓದುತ್ತಿದ್ದ ವಿದ್ಯಾರ್ಥಿನಿಯನ್ನು ಕಾಲೇಜು ಆವರಣದೊಳಗೇ, ಹಾಡಹಗಲೇ ಚಾಕುವಿನಿಂದ ಇರಿದು ಕೊಲ್ಲಲಾಯಿತು. ಆರೋಪಿ ಹೊರಗಿನ ಅಪರಿಚಿತನಲ್ಲ, ಹಿಂದೆ ಆಕೆಯ ಜೊತೆ ಓದಿದ್ದವನು. ಪೊಲೀಸರು ಅವನನ್ನು ಬೇಗನೇ ಹಿಡಿದರು. ಪ್ರಕರಣ ಸಿಐಡಿಗೆ ಹೋಯಿತು, ದೋಷಾರೋಪ ಪಟ್ಟಿಯೂ ಸಲ್ಲಿಕೆಯಾಯಿತು.

ಆಗ ಲೋಕಸಭಾ ಚುನಾವಣೆಯ ಕಾಲ. ಮಾತು ರಾಜಕೀಯದ ಕಡೆ ತಿರುಗಿತು. ಮೆರವಣಿಗೆ ಆದವು, ಬಂದ್ ಆದವು, ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಆ ಗದ್ದಲದಲ್ಲಿ ಕೇಳಬೇಕಾದ ಒಂದು ಸಣ್ಣ ಪ್ರಶ್ನೆ ಹಿಂದೆ ಬಿತ್ತು. ಕ್ಯಾಂಪಸ್ಸಿನಲ್ಲಿ ಕ್ಯಾಮೆರಾ ಇತ್ತು. ದೃಶ್ಯ ದಾಖಲಾಯಿತು, ತನಿಖೆಗೆ ಸಾಕ್ಷಿಯೂ ಆಯಿತು. ಆದರೆ ಕ್ಯಾಮೆರಾ ಕೊಲೆ ತಡೆಯಲಿಲ್ಲ. ಯಾವ ಕ್ಯಾಮೆರಾವೂ ತಡೆಯುವುದಿಲ್ಲ. ನಡೆದದ್ದನ್ನು ತೋರಿಸುವುದಷ್ಟೇ ಅದರ ಕೆಲಸ. ಅದೇ ದೃಶ್ಯ ಅಂದು ಸಂಜೆಯ ಹೊತ್ತಿಗೆ ನಮ್ಮೆಲ್ಲರ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ್ದು ಇನ್ನೊಂದು ಕಥೆ. ಮಗಳನ್ನು ಕಳೆದುಕೊಂಡ ಮನೆಯವರ ಫೋನಿಗೂ ಅದು ಬರಬಹುದು ಎಂದು ಕಳಿಸಿದವರು ಯೋಚಿಸಲಿಲ್ಲ.

ತಿಂಗಳು ತುಂಬುವುದರೊಳಗೆ, ಮೇ 15ರ ಬೆಳಗಿನ ಜಾವ, ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ 20 ವರ್ಷದ ಯುವತಿಯ ಕೊಲೆ ಆಕೆಯ ಮನೆಯಲ್ಲೇ ಆಯಿತು. ಇದು ಕ್ಯಾಂಪಸ್ ಪ್ರಕರಣವಲ್ಲ. ಆದರೆ ಬೆದರಿಕೆ ಇದ್ದ ವಿಷಯವನ್ನು ಮೊದಲೇ ಪೊಲೀಸರಿಗೆ ತಿಳಿಸಿದ್ದೆವು, ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ಕುಟುಂಬದವರು ಹೇಳಿದರು. ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಅಮಾನತಾದರು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಜಿಲ್ಲೆ ಕಲಿಯಬೇಕಾದ ಪಾಠ ಕಾಣುತ್ತದೆ. ಇಂಥ ಹಲವು ಪ್ರಕರಣಗಳಲ್ಲಿ ಚಾಕು ಬರುವುದು ಕೊನೆಗೆ. ಅದಕ್ಕೂ ಮೊದಲು ಹಿಂಬಾಲಿಸುವುದು, ಪದೇ ಪದೇ ಫೋನ್ ಮಾಡುವುದು, ದಾರಿಯಲ್ಲಿ ಅಡ್ಡ ನಿಲ್ಲುವುದು, "ನೋಡ್ಕೋತೀನಿ" ಎನ್ನುವುದು ನಡೆದಿರುತ್ತದೆ. ಆ ಹಂತದಲ್ಲಿ ಹೇಳುವವರು ಬೇಕು, ಕೇಳುವವರೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಉಳಿದ ಬಂದೋಬಸ್ತ್ ವ್ಯರ್ಥ.

ಹೇಳದೆ ಇರುವುದು ಯಾಕೆ?

ಮೈಸೂರಿನ ಒಂದು ಆದೇಶವನ್ನು ಇಲ್ಲಿ ನೆನಪಿಸಬೇಕು. 2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗೆಳೆಯನ ಮೇಲೂ ಹಲ್ಲೆಯಾಯಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಆವರಣದಲ್ಲಿ ಒಂಟಿಯಾಗಿ ಓಡಾಡಬಾರದು ಎಂದಿತು. ಅಪರಾಧ ಮಾಡಿದವರು ಯಾರೋ, ನಿರ್ಬಂಧ ಮಾತ್ರ ಓದುವ ಹುಡುಗಿಯರ ಮೇಲೆ. ವಿದ್ಯಾರ್ಥಿಗಳು, ಸಾರ್ವಜನಿಕರು ಪ್ರಶ್ನೆ ಮಾಡಿದ ಮೇಲೆ ಸುತ್ತೋಲೆಯನ್ನು ವಾಪಸ್ ಪಡೆಯಬೇಕಾಯಿತು.

ಆ ಸುತ್ತೋಲೆ ಹೊರಡಿಸಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಪರಿಣಾಮ ಏನು? ಘಟನೆ ಹೊರಗೆ ಬಂದರೆ ಮೊದಲು ಬಾಗಿಲು ಮುಚ್ಚುವುದು ನಮಗೇ ಅಂತ ಹುಡುಗಿಯರಿಗೆ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಬರಹದ ಸುತ್ತೋಲೆ ಇರುವುದಿಲ್ಲ. ಆದರೆ ಅದೇ ಕಾನೂನು ನಡೆಯುತ್ತದೆ. ಬಸ್ಸಿನಲ್ಲಿ ಯಾರೋ ಮೈಮೇಲೆ ಕೈ ಹಾಕಿದ ಅಂತ ಮಗಳು ಹೇಳಿದರೆ ಬರುವ ಮೊದಲ ಮಾತು, "ಇಷ್ಟು ದೂರ ಕಳಿಸೂದಾ ಬ್ಯಾಡ, ಇಲ್ಲೇ ಓದಲಿ." ಎರಡನೆಯ ಮಾತು, "ಓದಿದ್ದು ಸಾಕು, ವರ ನೋಡೂಣು." ಹೀಗಾಗಿ ಆಕೆ ಲೆಕ್ಕ ಹಾಕುತ್ತಾಳೆ: ಹೇಳಿದರೆ ಕಾಲೇಜು ಹೋಗುತ್ತದೆ, ಹೇಳದಿದ್ದರೆ ದಿನಾ ಅರ್ಧ ತಾಸು ಸಹಿಸಿದರೆ ಆಯಿತು. ಎಷ್ಟೋ ಹುಡುಗಿಯರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ.

ಕಾಡಿಸುವವನಿಗೆ ಇದು ಚೆನ್ನಾಗಿ ಗೊತ್ತು. "ಮನ್ಯಾಗ ಹೇಳ್ತೀಯಾ? ಹೇಳು ನೋಡೂಣು" ಎಂದು ಸವಾಲು ಹಾಕುವ ಧೈರ್ಯ ಅವನಿಗೆ ಬರುವುದು ಇಲ್ಲಿಂದಲೇ. ನಮ್ಮ ಮನೆಯ ಭಯವೇ ಅವನ ಬಂಡವಾಳ.

ಕ್ಯಾಂಪಸ್ ಅಂದರೆ ಕಾಂಪೌಂಡ್ ಅಷ್ಟೇ ಅಲ್ಲ

"ಗೇಟಿನ ಹೊರಗೆ ನಡೆದದ್ದಕ್ಕೆ ನಾವು ಹೊಣೆಯಲ್ಲ" ಎಂದು ಕಾಲೇಜಿನವರು ಹೇಳುವುದುಂಟು. ನಿಯಮ ಅಷ್ಟು ಸರಳವಾಗಿಲ್ಲ. ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾನೂನಿನ ನಂತರ, ಯುಜಿಸಿ 2015ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿಯೇ ಪ್ರತ್ಯೇಕ ನಿಯಮ ಮಾಡಿತು. ಅದರಲ್ಲಿ ಕ್ಯಾಂಪಸ್ ಎಂದರೆ ತರಗತಿ, ಲೈಬ್ರರಿ, ಹಾಸ್ಟೆಲ್, ಕ್ಯಾಂಟೀನ್ ಮಾತ್ರವಲ್ಲ. ಓಡಾಟಕ್ಕೆ ಒದಗಿಸಿದ ವಾಹನ, ಶೈಕ್ಷಣಿಕ ಪ್ರವಾಸ, ಇಂಟರ್ನ್‌ಶಿಪ್, ಕ್ರೀಡಾಕೂಟ, ಯುವಜನೋತ್ಸವ, ವಿದ್ಯಾರ್ಥಿಯಾಗಿ ಹೋದ ಇಂಥ ಜಾಗಗಳೂ ಸೇರುತ್ತವೆ.

ಪ್ರತಿ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ಅಧ್ಯಾಪಕಿಯದ್ದು. ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬಹುದು, ಸಮಿತಿ 90 ದಿನದೊಳಗೆ ವಿಚಾರಣೆ ಮುಗಿಸಬೇಕು. ಈ ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂಬುದೂ ಕಾನೂನೇ.

ಮಕ್ಕಳ ಪ್ರವೇಶಕ್ಕೆ ಹೋದಾಗ ನಾವು ಫೀ ಎಷ್ಟು, ಹಾಸ್ಟೆಲ್ ಊಟ ಹೇಗೆ, ಕ್ಯಾಂಪಸ್ ಇಂಟರ್‌ವ್ಯೂ ಆಗುತ್ತದೋ ಇಲ್ಲವೋ ಎಲ್ಲ ಕೇಳುತ್ತೇವೆ. ಇನ್ನೊಂದು ಪ್ರಶ್ನೆ ಸೇರಿಸಿ: "ದೂರು ಸಮಿತಿಯ ಬೋರ್ಡ್ ಎಲ್ಲಿದೆ? ಅದರಾಗಿರೋ ನಂಬರಿಗೆ ಫೋನ್ ಹಚ್ಚಿದ್ರ ಯಾರು ಎತ್ತಾರ?" ಉತ್ತರ ಕೊಡಲು ತಡವರಿಸಿದರೆ ಆ ಕಾಲೇಜಿನ ಬಗ್ಗೆ ನಿಮಗೆ ತಿಳಿಯಬೇಕಾದದ್ದು ತಿಳಿದಂತೆ.

ರ‍್ಯಾಗಿಂಗ್ ವಿಷಯದಲ್ಲೂ ಇದೇ ಮಾತು. ಹುಡುಗರ ಬಗ್ಗೆ ಯೋಚಿಸಬೇಕು ಎಂದದ್ದು ಮುಖ್ಯವಾಗಿ ಇದಕ್ಕೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಒಬ್ಬ ಹುಡುಗ ಸತ್ತ. ಅದೇ ವರ್ಷ ಯುಜಿಸಿ ಕಟ್ಟುನಿಟ್ಟಿನ ನಿಯಮ ತಂದಿತು. ಪ್ರವೇಶದ ವೇಳೆ ವಿದ್ಯಾರ್ಥಿಯೂ ಪಾಲಕರೂ ಸಹಿ ಮಾಡುವ ಮುಚ್ಚಳಿಕೆ ಅದರಿಂದಲೇ ಬಂದದ್ದು. ಫೀ ರಸೀದಿ ಜೊತೆ ಇದನ್ನೂ ಓದದೆ ಸಹಿ ಹಾಕಿ ಬರುತ್ತೇವೆ. ಗಂಡು ಹುಡುಗ ಅತ್ತುಕೊಂಡು ಮನೆಗೆ ಫೋನ್ ಮಾಡಿದರೆ "ಗಂಡಸಾಗಿ ಅಷ್ಟೂ ತಡ್ಕೊಳ್ಳಾಕ ಆಗೂದಿಲ್ಲೇನು?" ಎನ್ನುವ ಬದಲು 1800-180-5522ಕ್ಕೆ ಕರೆ ಮಾಡಿ. ದಿನದ 24 ತಾಸೂ ಇರುವ ಸಹಾಯವಾಣಿ ಅದು.

ಫೋನಿನೊಳಗಿನ ಬೆದರಿಕೆ

ಪಿಜಿಯ ಬಾಗಿಲಿಗೆ ರಾತ್ರಿ ಬೀಗ ಹಾಕಬಹುದು. ಫೋನಿಗೆ ಯಾರು ಬೀಗ ಹಾಕುತ್ತಾರೆ? ಈಗಿನ ಕಿರುಕುಳದ ದೊಡ್ಡ ಪಾಲು ಅಲ್ಲಿಯೇ ನಡೆಯುತ್ತದೆ. ಗೆಳೆತನ ಇದ್ದಾಗ ಕಳಿಸಿದ ಫೋಟೊ ಇಟ್ಟುಕೊಂಡು ಗೆಳೆತನ ಮುರಿದ ಮೇಲೆ ಬೆದರಿಸುವುದು. ಇನ್‌ಸ್ಟಾಗ್ರಾಮ್‌ನ ಮಾಮೂಲಿ ಫೋಟೊವನ್ನೇ ತಿದ್ದಿ ಬೆತ್ತಲೆ ಮಾಡುವುದು. ಅಪರಿಚಿತರ ವಿಡಿಯೊ ಕಾಲ್ ಎತ್ತಿದ ಹುಡುಗನ ಮುಖವನ್ನು ರೆಕಾರ್ಡ್ ಮಾಡಿ ದುಡ್ಡು ಕೇಳುವುದು. ಕೊನೆಯದಕ್ಕೆ ಬಲಿಯಾಗುವವರು ಹೆಚ್ಚಾಗಿ ಗಂಡುಮಕ್ಕಳು. ನಾಚಿಕೆಯಿಂದ ಅವರು ಬಾಯಿ ಬಿಡುವುದೇ ಇಲ್ಲ.

ಇಲ್ಲಿ ಮಾಡಬೇಕಾದದ್ದು ಮೂರು. ಒಂದು, ದುಡ್ಡು ಕೊಡಬಾರದು. ಕೊಟ್ಟರೆ ಕೇಳುವುದು ನಿಲ್ಲುವುದಿಲ್ಲ, ರೇಟು ಏರುತ್ತದೆ. ಎರಡು, ಹೆದರಿ ಚಾಟ್ ಅಳಿಸಬಾರದು. ಆ ಮೆಸೇಜು, ನಂಬರು, ಖಾತೆಯ ಹೆಸರು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಅದೇ ಸಾಕ್ಷಿ. ಮೂರು, ದೂರು ಕೊಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ತಿಳಿಸುವ ಅವಕಾಶ ಇದೆ. ಸೈಬರ್ ಅಪರಾಧಕ್ಕೆಂದೇ ಇರುವ ಸಿಇಎನ್ ಠಾಣೆಗೂ ಹೋಗಬಹುದು.

ಹಿಂಬಾಲಿಸುವುದು ಈಗ ಸಣ್ಣ ವಿಷಯವಲ್ಲ ಎಂಬುದೂ ಎಲ್ಲರಿಗೂ ಗೊತ್ತಿರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ರ ಪ್ರಕಾರ ಹೆಣ್ಣುಮಗಳು ಬೇಡ ಎಂದ ಮೇಲೂ ಬೆನ್ನು ಹತ್ತುವುದು, ಆಕೆಯ ಆನ್‌ಲೈನ್ ಓಡಾಟದ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಖಾಸಗಿ ಸ್ಥಿತಿಯಲ್ಲಿರುವ ಹೆಣ್ಣುಮಗಳನ್ನು ಕದ್ದು ನೋಡುವುದು, ವಿಡಿಯೊ ಮಾಡುವುದು, ಹಂಚುವುದು ಸೆಕ್ಷನ್ 77ರಲ್ಲಿ ಬರುತ್ತದೆ. "ಹುಡುಗಾಟ" ಎಂದು ಬಿಡುವ ಕಾಲ ಹೋಯಿತು. ಇದನ್ನು ಹೆಣ್ಣುಮಕ್ಕಳಿಗೆ ಹೇಳಿಕೊಡುವಷ್ಟೇ ಗಟ್ಟಿಯಾಗಿ ನಮ್ಮ ಗಂಡುಮಕ್ಕಳಿಗೂ ಹೇಳಿಕೊಡಬೇಕು.

ಖಾತೆ ಬಾಡಿಗೆ: ಅಂಗಡಿಕಾರರೂ ಓದಬೇಕಾದ ಭಾಗ

ಇನ್ನೊಂದು ಅಪರಾಧದಲ್ಲಿ ವಿದ್ಯಾರ್ಥಿ ಬಲಿಪಶು ಆಗುವುದರ ಜೊತೆಗೆ ಆರೋಪಿಯೂ ಆಗುತ್ತಾನೆ. ಅದು ಬ್ಯಾಂಕ್ ಖಾತೆಯ ಬಾಡಿಗೆ.

ನಡೆಯುವುದು ಹೀಗೆ. ಪರಿಚಯದ ಯಾರೋ ಬಂದು "ನಿನ್ನ ಅಕೌಂಟ್ ಒಂದಿಷ್ಟು ದಿನ ಕೊಡು, ದುಡ್ಡು ಬರ್ತದ, ತೆಗೆದು ಕೊಟ್ರಾತು, ನಿನಗ ಕಮಿಷನ್" ಎನ್ನುತ್ತಾನೆ. ಕೆಲವೊಮ್ಮೆ ಟೆಲಿಗ್ರಾಮ್‌ನಲ್ಲಿ "ಪಾರ್ಟ್ ಟೈಮ್ ಕೆಲಸ" ಎಂಬ ಹೆಸರಲ್ಲಿ ಬರುತ್ತದೆ. ಹುಡುಗ ಪಾಸ್‌ಬುಕ್, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್ ಕೊಡುತ್ತಾನೆ. ಖಾತೆಗೆ ಬರುವ ದುಡ್ಡು ಬೇರೆ ಯಾವುದೋ ಊರಲ್ಲಿ ಡಿಜಿಟಲ್ ಅರೆಸ್ಟ್ ಅಂತಲೋ, ಷೇರು ಲಾಭ ಅಂತಲೋ ಯಾರನ್ನೋ ಮೋಸ ಮಾಡಿ ತೆಗೆದದ್ದು. ಮೋಸ ಹೋದವರು ದೂರು ಕೊಟ್ಟಾಗ ಪೊಲೀಸರಿಗೆ ಮೊದಲು ಸಿಗುವ ಹೆಸರು ಈ ಹುಡುಗನದ್ದೇ. ಕಮಿಷನ್ ಕೊಟ್ಟವನು ಫೋನ್ ಸ್ವಿಚ್ ಆಫ್ ಮಾಡಿರುತ್ತಾನೆ. ಖಾತೆ ಫ್ರೀಜ್ ಆಗುತ್ತದೆ. ವಿದ್ಯಾರ್ಥಿ ವೇತನವೂ ಅದೇ ಖಾತೆಗೆ ಬರುತ್ತಿದ್ದರೆ ಅದೂ ಸಿಕ್ಕಿಕೊಳ್ಳುತ್ತದೆ. ವಂಚನೆ ಪ್ರಕರಣದಲ್ಲಿ ಹೆಸರು ಬಂದವನಿಗೆ ಮುಂದೆ ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಎಲ್ಲದರಲ್ಲೂ ತೊಡಕು. "ನಾನು ಬರೀ ಅಕೌಂಟ್ ಕೊಟ್ಟಿದ್ದೆ" ಎಂಬ ಮಾತು ಪೊಲೀಸರ ಮುಂದೆ ನಡೆಯುವುದಿಲ್ಲ.

ಈ ದುಡ್ಡು ಅಂಗಡಿಗೂ ಬರುತ್ತದೆ. "ಅಣ್ಣಾ, ಫೋನ್‌ಪೇ ಮಾಡ್ತೀನಿ, ಎರಡು ಸಾವಿರ ಕ್ಯಾಶ್ ಕೊಡ್ರಿ" ಎಂದು ಕೇಳುವವರು ಎಲ್ಲ ಅಂಗಡಿಗೂ ಬರುತ್ತಾರೆ. ಕೇಳುವವರಲ್ಲಿ ಬಹುತೇಕರು ನಿಜವಾದ ಅಡಚಣೆಯವರೇ. ಆದರೆ ಬಂದದ್ದು ವಂಚನೆಯ ದುಡ್ಡಾಗಿದ್ದರೆ, ಅದು ಹೋದ ದಾರಿ ಹಿಡಿದು ತನಿಖೆ ನಿಮ್ಮ ಖಾತೆಗೂ ಬರುತ್ತದೆ. ಬ್ಯಾಂಕ್ ಆ ಮೊತ್ತಕ್ಕೆ ತಡೆ ಹಾಕಬಹುದು. ಖಾತೆಯೇ ನಿಂತರೆ ಸಗಟು ವ್ಯಾಪಾರಿಗೆ ಕೊಡಬೇಕಾದ ದುಡ್ಡೂ ನಿಂತಂತೆ. ಹಾಗಾಗಿ ಗುರುತು ಇಲ್ಲದವರಿಗೆ ಯುಪಿಐ ಬದಲಿಗೆ ನಗದು ಕೊಡಬೇಡಿ. ವ್ಯಾಪಾರ ಮಾಡಿದ್ದಕ್ಕೆ ಬಿಲ್ ಇಡಿ. ತಡೆ ಬಿದ್ದರೆ ಯಾವ ಠಾಣೆಯ ದೂರಿನಿಂದ ಬಿದ್ದಿದೆ ಎಂಬುದನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆದು, ಬಿಲ್ ಸಮೇತ ಆ ಠಾಣೆಗೆ ಉತ್ತರ ಕೊಡಿ.

ಮೋಸ ಹೋದವರು ನೀವೇ ಆಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಅದು. ಮೊದಲ ಒಂದು ತಾಸಿನ ಬೆಲೆ ಮರುದಿನದ ಇಡೀ ದಿನಕ್ಕೆ ಇಲ್ಲ. ಹಾಗೆಯೇ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ಫೋನ್ ಕಳೆದರೆ ಅದನ್ನು ಬ್ಲಾಕ್ ಮಾಡುವ ಸಿಇಐಆರ್ ಸೌಲಭ್ಯವೂ ಅಲ್ಲಿಯೇ ಇದೆ. ಬಸ್ಸಿನಲ್ಲಿ ಫೋನ್ ಹೋಯಿತೆಂದು ಸುಮ್ಮನಾಗುವ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ. ಕಳ್ಳನ ಕೈಗೆ ಹೋಗುವುದು ಫೋನ್ ಮಾತ್ರವಲ್ಲ, ಅದರೊಳಗಿನ ಬ್ಯಾಂಕು, ಫೋಟೊ ಎಲ್ಲವೂ.

ಅಂಗಡಿ, ಪಿಜಿ, ಬಸ್ಸು: ಮೊದಲು ಕಾಣುವುದು ಇವರಿಗೆ

ಒಬ್ಬ ಹುಡುಗ ನಾಲ್ಕು ದಿನದಿಂದ ಅದೇ ಹೊತ್ತಿಗೆ ಅದೇ ಕಂಬದ ಹತ್ತಿರ ಬೈಕ್ ನಿಲ್ಲಿಸಿ ಒಬ್ಬಳನ್ನೇ ಕಾಯುತ್ತಿದ್ದಾನೆ ಎಂಬುದು ಪ್ರಿನ್ಸಿಪಾಲರಿಗೆ ಕಾಣುವುದಿಲ್ಲ. ಠಾಣೆಗೂ ಕಾಣುವುದಿಲ್ಲ. ಎದುರಿನ ಝೆರಾಕ್ಸ್ ಅಂಗಡಿಯವರಿಗೆ ಕಾಣುತ್ತದೆ. ಒಬ್ಬ ಹುಡುಗಿ ಬಸ್ಸು ಬಂದರೂ ಹತ್ತದೆ, ಅಂಗಡಿಯೊಳಗೆ ಬಂದು ಬೇಡದ ಪೆನ್ನು ಕೊಳ್ಳುತ್ತ ನಿಂತಿದ್ದಾಳೆ ಎಂದರೆ ಹೊರಗೆ ಏನೋ ಇದೆ ಎಂದು ಅರ್ಥ. "ಯಾಕವ್ವಾ, ಏನಾರ ತೊಂದರಿ ಐತೇನು? ಕುಂದ್ರು" ಎಂಬ ಒಂದು ಮಾತು ಸಾಕು. ಕೈ ಮಾಡುವುದು, ನಾವೇ ನ್ಯಾಯ ತೀರಿಸುವುದು ಬೇಡ. ಜೋಡಿ ಕಂಡ ಕಡೆಯೆಲ್ಲ ಹೆಸರು, ಜಾತಿ ಕೇಳುವುದಂತೂ ಬೇಡವೇ ಬೇಡ. ಅದು ಸುರಕ್ಷತೆ ಅಲ್ಲ, ಇನ್ನೊಂದು ಅಪರಾಧ. 112ಕ್ಕೆ ಕರೆ ಮಾಡಿ ಗಾಡಿ ಕರೆಸಿ, ಅಷ್ಟು ಸಾಕು.

ಅಂಗಡಿಕಾರರು ಮಾಡಬಹುದಾದ ಇನ್ನೂ ನಾಲ್ಕು ಕೆಲಸಗಳಿವೆ.

• ಕ್ಯಾಮೆರಾ ಇದ್ದರೆ ಒಂದಾದರೂ ರಸ್ತೆ ಕಡೆ ಮುಖ ಮಾಡಿರಲಿ. ಅದರಲ್ಲಿ ತಾರೀಖು, ಸಮಯ ಸರಿ ಇದೆಯೇ ನೋಡಿ. ಹಳೆಯ ದೃಶ್ಯ ತಾನಾಗಿಯೇ ಅಳಿಸಿಹೋಗುತ್ತದೆ, ಹಾಗಾಗಿ ಘಟನೆ ನಡೆದರೆ ಕೂಡಲೇ ತೆಗೆದಿಡಿಸಿ ಪೊಲೀಸರಿಗೆ ಕೊಡಿ.

• ಆ ದೃಶ್ಯವನ್ನು ಗ್ರೂಪಿಗೆ ಹಾಕಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಅಪರಾಧ, 2 ವರ್ಷದವರೆಗೆ ಶಿಕ್ಷೆ ಇದೆ. "ಫಾರ್ವರ್ಡ್ ಬಂದಿತ್ತು, ಕಳಿಸಿದೆ" ಎಂದರೆ ತಪ್ಪಿಸಿಕೊಳ್ಳಲಾಗದು.

• ಅಂಗಡಿ ಮುಚ್ಚಿ ಹೋಗುವಾಗ ಹೊರಗಿನ ಒಂದು ಎಲ್‌ಇಡಿ ದೀಪ ಉರಿಯುತ್ತಿರಲಿ. ಬೀದಿದೀಪ ಕೆಟ್ಟಿದ್ದರೆ ಓಣಿಯವರೆಲ್ಲ ಸೇರಿ ಪಾಲಿಕೆಗೆ ಬರೆದು ಕೊಡಿ.

• ಶಿಕ್ಷಣ ಸಂಸ್ಥೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕೇಂದ್ರ ಕಾನೂನೇ ಹೇಳಿದೆ. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, ತಂಬಾಕು ಮಾರಬಹುದಾದ ವಯಸ್ಸು 18ರಿಂದ 21ಕ್ಕೆ ಏರಿದೆ. ಅಂದರೆ ಪದವಿ ಓದುವ ಬಹುತೇಕ ಮಕ್ಕಳಿಗೆ ಸಿಗರೇಟು, ಗುಟ್ಕಾ ಕೊಡುವಂತಿಲ್ಲ. ವ್ಯಾಪಾರ ಕಡಿಮೆ ಆಗುತ್ತದೆ ನಿಜ. ಆದರೆ ಸಿಗರೇಟು ಸಿಗುವ ಮೂಲೆಗೇ ಗಾಂಜಾ ಮಾರುವವನೂ ಬಂದು ನಿಲ್ಲುತ್ತಾನೆ ಎಂಬುದು ಆ ಮೂಲೆಯ ಅಂಗಡಿಯವರಿಗೆ ಗೊತ್ತಿಲ್ಲದ ವಿಷಯವಲ್ಲ.

ಗಾಂಜಾ ಚಟಕ್ಕೆ ಬಿದ್ದ ಹುಡುಗನ ಮನೆಯವರಿಗೆ ಒಂದು ಮಾತು. ಚಟ ಬಿಡಿಸುವ ಚಿಕಿತ್ಸೆ ನಮ್ಮ ಊರಿನ ಡಿಮ್ಹಾನ್ಸ್‌ನಲ್ಲೇ ಸಿಗುತ್ತದೆ. ಮನಸ್ಸು ಕುಗ್ಗಿದವರು 14416 ಟೆಲಿ ಮಾನಸ್‌ಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮುಚ್ಚಿಟ್ಟರೆ ಅದೇ ಹುಡುಗ ಮುಂದೆ ಸಾಲಕ್ಕೆ, ಖಾತೆ ಬಾಡಿಗೆಗೆ, ಕಳ್ಳತನಕ್ಕೆ ಇಳಿಯುತ್ತಾನೆ.

ಪಿಜಿ ಮಾಲೀಕರಿಗೆ ಬಾಡಿಗೆಯ ಜೊತೆ ಹೊಣೆಯೂ ಬರುತ್ತದೆ. ಅಡುಗೆಯವರು, ವಾಚ್‌ಮನ್, ರಿಪೇರಿಗೆ ಬರುವವರು ಯಾರು ಎಂಬ ದಾಖಲೆ ಇರಬೇಕು. ಹೊರಗಿನವರು ಬಂದರೆ ರಿಜಿಸ್ಟರ್‌ನಲ್ಲಿ ಹೆಸರು ಬರೆಸಬೇಕು. ಬಚ್ಚಲು, ಕೋಣೆಗಳ ಬಾಗಿಲ ಚಿಲಕ ಗಟ್ಟಿ ಇರಬೇಕು. ರಾತ್ರಿ ತಡವಾಗಿ ಬಂದ ಹುಡುಗಿಯನ್ನು "ರೂಲ್ಸ್ ಅಂದ್ರ ರೂಲ್ಸ್" ಎಂದು ಹೊರಗೇ ನಿಲ್ಲಿಸುವ ಪಿಜಿಗಳಿವೆ. ಬಸ್ಸು ಕೆಟ್ಟು ತಡವಾದವಳನ್ನು ರಾತ್ರಿ ರಸ್ತೆಯಲ್ಲಿ ನಿಲ್ಲಿಸಿದರೆ ಯಾವ ಸುರಕ್ಷತೆ ಆಯಿತು? ಮೊದಲು ಒಳಗೆ ಕರೆಯಿರಿ, ಬುದ್ಧಿ ಹೇಳುವುದು ಬೆಳಿಗ್ಗೆ ಆಗಲಿ.

ಬಸ್ಸಿನ ಮಾತೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ತಾಲೂಕಿನ ಹೆಣ್ಣುಮಕ್ಕಳಿಗೆ ದೂರದ ಕಾಲೇಜು ಹತ್ತಿರವಾಯಿತು. ಟಿಕೆಟ್ ದುಡ್ಡಿನ ನೆಪ ಹೇಳಿ ಓದು ಬಿಡಿಸುವುದು ಕಷ್ಟವಾಯಿತು. ಆದರೆ ಕಾಲೇಜು ಬಿಡುವ ಹೊತ್ತಿನ ಬಸ್ಸುಗಳು ತುಂಬಿ ತುಳುಕುತ್ತವೆ. ಆ ನೂಕುನುಗ್ಗಲೇ ಕೈಚಳಕದವರಿಗೂ ಕಿರುಕುಳ ಕೊಡುವವರಿಗೂ ಅನುಕೂಲ. ಸಂಜೆಯ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ. ಕಾಲೇಜು ಬಿಡುವ ಸಮಯಕ್ಕೆ ಸರಿಯಾಗಿ ಹೆಚ್ಚುವರಿ ಬಸ್ಸು ಬಿಡಿ ಎಂದು ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯನ್ನು ಕೇಳುವುದು ಸುರಕ್ಷತೆಯ ಬೇಡಿಕೆಯೇ. ಗ್ರಾಮ ಪಂಚಾಯಿತಿಗಳು ಠರಾವು ಮಾಡಿ ಡಿಪೊಗೆ ಕಳಿಸಲಿ.

ಠಾಣೆಯಲ್ಲಿ "ನಮ್ಮ ಹದ್ದಿಗೆ ಬರೂದಿಲ್ಲ" ಎಂದರೆ?

ನವಲಗುಂದದ ಹುಡುಗಿಗೆ ಧಾರವಾಡದಲ್ಲಿ ತೊಂದರೆಯಾದರೆ ದೂರು ಎಲ್ಲಿ? ಅವಳಿನಗರ ಪೊಲೀಸ್ ಕಮಿಷನರ್ ವ್ಯಾಪ್ತಿ, ತಾಲೂಕುಗಳು ಜಿಲ್ಲಾ ಎಸ್‌ಪಿ ವ್ಯಾಪ್ತಿ. ಈ ಗೊಂದಲದಲ್ಲೇ ಎಷ್ಟೋ ಜನ ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗುತ್ತಾರೆ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಈ ಸಮಸ್ಯೆಗೆ ದಾರಿ ಕೊಟ್ಟಿದೆ. ಗಂಭೀರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಝೀರೊ ಎಫ್‌ಐಆರ್ ಎನ್ನುವುದು. ಇ-ಮೇಲ್‌ನಂಥ ಮಾರ್ಗದಲ್ಲೂ ಕೊಡಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಬರಹದಲ್ಲಿ ಎಸ್‌ಪಿಗೆ ಅಂಚೆ ಮೂಲಕ ಕಳಿಸಬಹುದು, ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿದೆ.

ಪೊಲೀಸರಿಗೂ ಒಂದು ಮಾತು ಹೇಳಬೇಕು. ಕಾಲೇಜಿಗೆ ಬಂದು ಜಾಗೃತಿ ಭಾಷಣ ಮಾಡುವುದು ಒಳ್ಳೆಯದು. ಆದರೆ ವಿದ್ಯಾರ್ಥಿಗಳು ನಂಬುವುದು ಭಾಷಣವನ್ನಲ್ಲ, ತಮ್ಮ ಗೆಳತಿ ದೂರು ಕೊಟ್ಟಾಗ ಏನಾಯಿತು ಎಂಬುದನ್ನು. ಒಬ್ಬಳ ದೂರಿಗೆ "ಇಬ್ಬರೂ ಮಾತಾಡಿ ಮುಗಿಸ್ಕೊಳ್ಳಿ" ಎಂದರೆ ಇಡೀ ಹಾಸ್ಟೆಲ್ ಮತ್ತೆ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ.

ಮನೆಯಲ್ಲಿ ಆಡಬೇಕಾದ ಒಂದು ಮಾತು

ಕಾಲೇಜು ಮಾಡಬೇಕಾದ್ದು ಇದೆ, ಪೊಲೀಸರು ಮಾಡಬೇಕಾದ್ದು ಇದೆ, ಅಂಗಡಿಯವರು ಮಾಡಬಹುದಾದ್ದೂ ಇದೆ. ಆದರೆ ಇವರೆಲ್ಲರ ಕೆಲಸ ಶುರುವಾಗುವುದು ಮಗು ಬಾಯಿ ಬಿಟ್ಟ ಮೇಲೆ. ಆ ಬಾಯಿ ತೆರೆಯುವ ಕೀಲಿ ಮನೆಯಲ್ಲಿದೆ.

ಈ ವಾರ ಮಕ್ಕಳು ಊರಿಗೆ ಬಂದಾಗ ಊಟಕ್ಕೆ ಕುಳಿತಾಗ ಹೇಳಿ: "ಏನ ತೊಂದರಿ ಆದರೂ ನಮಗ ಹೇಳು. ತಪ್ಪು ನಿಂದಿದ್ದರೂ ಹೇಳು. ಹೇಳಿದ್ದಕ್ಕ ನಿನ್ನ ಕಾಲೇಜು ಬಿಡಸೂದಿಲ್ಲ." ಹೇಳಿದ ಮೇಲೆ ಆ ಮಾತಿಗೆ ನಿಲ್ಲಬೇಕು. ಒಬ್ಬಳ ಮನೆಯಲ್ಲಿ ಮಾತು ತಪ್ಪಿದರೆ ಪಕ್ಕದ ಮನೆಯ ಮೂವರು ಹುಡುಗಿಯರೂ ಸುಮ್ಮನಾಗುತ್ತಾರೆ. ಮಾತು ಉಳಿದರೆ ಕಂಬದ ಹತ್ತಿರ ಬೈಕ್ ನಿಲ್ಲಿಸಿ ಕಾಯುವವನ ಲೆಕ್ಕ ತಪ್ಪುತ್ತದೆ.

ಗೋಡೆಗೆ ಅಂಟಿಸಿ ಇಡಬೇಕಾದ ನಂಬರುಗಳು

• ಯಾವುದೇ ತುರ್ತು, ಪೊಲೀಸ್: 112
• ಸೈಬರ್ ಹಣ ವಂಚನೆ: 1930
• ಮಹಿಳಾ ಸಹಾಯವಾಣಿ: 181
• 18 ವರ್ಷದೊಳಗಿನ ಮಕ್ಕಳಿಗೆ: 1098
• ರ‍್ಯಾಗಿಂಗ್ ವಿರುದ್ಧ: 1800-180-5522
• ಮಾನಸಿಕ ಆರೋಗ್ಯ, ಟೆಲಿ ಮಾನಸ್: 14416

ಅಂಗಡಿಕಾರರು ಇದನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ಯುಪಿಐ ಸ್ಕ್ಯಾನರ್ ಪಕ್ಕವೇ ಅಂಟಿಸಿದರೆ ಒಳ್ಳೆಯದು. ವಿದ್ಯಾರ್ಥಿಗಳ ಕಣ್ಣು ದಿನಾ ಒಂದು ಸಲವಾದರೂ ಬೀಳುವ ಜಾಗ ಅದು.